ಒಟ್ಟು ಅಂಕ ಒಂದೇ, ಅಂಕಪಟ್ಟಿ ಬೇರೆ

2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಆ ವರ್ಷದ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದಾಗ, ಭಾರತ 133ರಿಂದ 130ನೇ ಸ್ಥಾನಕ್ಕೆ ಏರಿತು ಎಂದು ನಮ್ಮಲ್ಲಿ ಸುದ್ದಿಯಾಯಿತು. ಸುದ್ದಿ ಸರಿಯೇ. ಆದರೆ ಅದೇ ಪಟ್ಟಿಯ ಅದೇ 130ನೇ ಮೆಟ್ಟಿಲಿನ ಮೇಲೆ ಇನ್ನೊಂದು ದೇಶವೂ ಕೂತಿತ್ತು. ಅದು ಬಾಂಗ್ಲಾದೇಶ. ಜನರ ಬದುಕಿನ ಮಟ್ಟವನ್ನು ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಇಬ್ಬರಿಗೂ ಬಂದ ಅಂಕ 0.685. ಮೂರನೆಯ ದಶಮಾಂಶ ಸ್ಥಾನದವರೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಹಾಗಾದರೆ ಎರಡೂ ದೇಶಗಳ ಜನರ ಬದುಕು ಒಂದೇ ಮಟ್ಟದಲ್ಲಿದೆಯೇ? ಒಂದೇ ಓಣಿಯ ಇಬ್ಬರು ಹುಡುಗರು ಎಸ್‌ಎಸ್‌ಎಲ್‌ಸಿಯಲ್ಲಿ ಶೇ 68 ತೆಗೆದರೆ ಇಬ್ಬರೂ ಸಮ ಎಂದು ಹೇಳುವವರು ಅಂಕಪಟ್ಟಿ ನೋಡದ ನೆಂಟರು ಮಾತ್ರ. ಹೆತ್ತವರು ಒಟ್ಟು ಅಂಕದ ಮೇಲೆ ಒಮ್ಮೆ ಕಣ್ಣಾಡಿಸಿ, ಆಮೇಲೆ ಗಣಿತದಲ್ಲೆಷ್ಟು, ಇಂಗ್ಲಿಷಿನಲ್ಲೆಷ್ಟು ಎಂದು ಸಾಲು ಸಾಲಾಗಿ ನೋಡುತ್ತಾರೆ. ದೇಶಗಳ ಜೀವನಮಟ್ಟವನ್ನು ಹೋಲಿಸುವಾಗಲೂ ಮಾಡಬೇಕಾದದ್ದು ಅದನ್ನೇ. ಭಾರತ ಮತ್ತು ಬಾಂಗ್ಲಾದೇಶದ ಅಂಕಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಆಶ್ಚರ್ಯಪಡುವುದಕ್ಕೆ ಬೇಕಾದಷ್ಟಿದೆ.

ಮೊದಲು ಈ 0.685 ಹೇಗೆ ಬಂತು ಎಂಬುದು ಗೊತ್ತಾಗಬೇಕು. ಲೆಕ್ಕ ಕಷ್ಟದ್ದೇನಲ್ಲ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಸೂಚ್ಯಂಕಕ್ಕೆ ಮೂರು ವಿಷಯಗಳು: ಆಯಸ್ಸು, ಓದು, ಆದಾಯ. ಪ್ರತಿಯೊಂದಕ್ಕೂ ಒಂದು ತಳ, ಒಂದು ನೆತ್ತಿ ಗೊತ್ತುಮಾಡಿದ್ದಾರೆ. ಆಯಸ್ಸಿಗೆ ತಳ 20 ವರ್ಷ, ನೆತ್ತಿ 85. ಭಾರತದಲ್ಲಿ ಇಂದು ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಈ ವರದಿಯ ಪ್ರಕಾರ 72 ವರ್ಷ. ಅದರಲ್ಲಿ 20 ಕಳೆದರೆ 52. ಅದನ್ನು 65ರಿಂದ ಭಾಗಿಸಿದರೆ 0.80. ಬಾಂಗ್ಲಾದೇಶದಲ್ಲಿ ಆಯಸ್ಸು 74.7 ವರ್ಷ, ಆದ್ದರಿಂದ ಅಲ್ಲಿಗೆ 0.84. ಓದಿನಲ್ಲಿ ಎರಡು ಉಪವಿಷಯಗಳಿವೆ. ಈಗ ಶಾಲೆ ಸೇರುವ ಮಗು ಒಟ್ಟು ಎಷ್ಟು ವರ್ಷ ಓದೀತು ಎಂಬುದು ಒಂದು. 25 ದಾಟಿದ ದೊಡ್ಡವರು ಸರಾಸರಿ ಎಷ್ಟು ವರ್ಷ ಓದಿದ್ದಾರೆ ಎಂಬುದು ಇನ್ನೊಂದು. ಭಾರತದಲ್ಲಿ ಇವು ಕ್ರಮವಾಗಿ 13 ಮತ್ತು 6.9, ಬಾಂಗ್ಲಾದೇಶದಲ್ಲಿ 12.3 ಮತ್ತು 6.8. ಎರಡೂ ದೇಶಗಳ ಸರಾಸರಿ ವಯಸ್ಕರು ಏಳನೇ ತರಗತಿಯನ್ನು ಮುಗಿಸಿಲ್ಲ ಎಂಬುದನ್ನು ಇಲ್ಲೇ ಗಮನಿಸಿಬಿಡಿ. ಮೊದಲನೆಯದಕ್ಕೆ ನೆತ್ತಿ 18 ವರ್ಷ, ಎರಡನೆಯದಕ್ಕೆ 15. ಎರಡರ ಸರಾಸರಿ ತೆಗೆದರೆ ಭಾರತಕ್ಕೆ 0.59, ಬಾಂಗ್ಲಾದೇಶಕ್ಕೆ 0.57.

ಮೂರನೆಯದು ತಲಾ ಆದಾಯ. ಭಾರತದ್ದು ವರ್ಷಕ್ಕೆ ಸುಮಾರು 9,047 ಡಾಲರ್, ಬಾಂಗ್ಲಾದೇಶದ್ದು 8,498. ಅಷ್ಟು ಡಾಲರು ನಮ್ಮ ಕೈಗೆ ಯಾವಾಗ ಬಂತು ಎಂದು ಹುಬ್ಬೇರಿಸಬೇಡಿ. ಇವು ಬ್ಯಾಂಕಿನಲ್ಲಿ ಬದಲಾಯಿಸುವ ಡಾಲರುಗಳಲ್ಲ, ಕೊಳ್ಳುವ ಶಕ್ತಿಗೆ ಸರಿಹೊಂದಿಸಿದ ಲೆಕ್ಕದ ಡಾಲರುಗಳು. ನ್ಯೂಯಾರ್ಕಿನಲ್ಲಿ ಒಮ್ಮೆ ಕ್ಷೌರ ಮಾಡಿಸಿಕೊಳ್ಳುವ ದುಡ್ಡಿನಲ್ಲಿ ದಾವಣಗೆರೆಯಲ್ಲಿ ಮನೆಯ ಗಂಡಸರೆಲ್ಲ ಹಲವು ಸಲ ಮಾಡಿಸಿಕೊಳ್ಳಬಹುದು. ಆ ವ್ಯತ್ಯಾಸವನ್ನು ಸರಿಪಡಿಸಿದ ಮೇಲೆ ಸಿಗುವ ಮೊತ್ತವಿದು.

ಆದಾಯವನ್ನು ನೇರವಾಗಿ ಭಾಗಿಸದೆ ಲಾಗರಿದಂ ಹಾಕಿ ಅಳೆಯುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ, ಒಳಗಿನ ವಿಚಾರ ಪ್ರತಿ ಮನೆಗೂ ಗೊತ್ತಿರುವಂಥದ್ದು. ತಿಂಗಳಿಗೆ 6,000 ರೂಪಾಯಿ ದುಡಿಯುವ ಮನೆಗೆ ಇನ್ನೊಂದು 6,000 ಸೇರಿದರೆ ಮಕ್ಕಳಿಗೆ ಹಾಲು, ಅಜ್ಜಿಗೆ ಬಿಪಿ ಮಾತ್ರೆ, ಸೋರುವ ಮಾಡಿಗೆ ಒಂದು ತಗಡು ಬರುತ್ತದೆ. 2 ಲಕ್ಷ ದುಡಿಯುವ ಮನೆಗೆ ಅದೇ 6,000 ಸೇರಿದರೆ ಸೇರಿದ್ದೇ ಗೊತ್ತಾಗುವುದಿಲ್ಲ. ಲಾಗರಿದಂ ಮಾಡುವ ಕೆಲಸ ಇಷ್ಟೇ: ದುಡ್ಡು ಹೆಚ್ಚಿದಂತೆಲ್ಲ ಪ್ರತಿ ಹೊಸ ರೂಪಾಯಿಯ ತೂಕವನ್ನು ಇಳಿಸುತ್ತ ಹೋಗುತ್ತದೆ. ತಳ 100 ಡಾಲರ್, ನೆತ್ತಿ 75,000. ಭಾರತಕ್ಕೆ 0.68, ಬಾಂಗ್ಲಾದೇಶಕ್ಕೆ 0.67.

ಈಗ ಮೂರನ್ನೂ ಗುಣಿಸಿ ಘನಮೂಲ ತೆಗೆಯಬೇಕು. ಕೂಡಿ ಮೂರರಿಂದ ಭಾಗಿಸಿದ್ದರೆ ಒಂದರಲ್ಲಿ ಸೋತದ್ದನ್ನು ಇನ್ನೊಂದರಲ್ಲಿ ಸಲೀಸಾಗಿ ತುಂಬಿಕೊಳ್ಳಬಹುದಿತ್ತು. ಗುಣಿಸಿದಾಗ ಯಾವ ವಿಷಯ ತೀರಾ ಕೆಳಗಿದೆಯೋ ಅದು ಉಳಿದೆರಡನ್ನೂ ಕೆಳಕ್ಕೆಳೆಯುತ್ತದೆ. ಎರಡೂ ದೇಶಗಳಿಗೆ ಗುಣಲಬ್ಧ 0.32ರ ಆಸುಪಾಸು, ಘನಮೂಲ 0.685. ಓದು ಮತ್ತು ಆದಾಯದಲ್ಲಿ ಭಾರತ ಗಳಿಸಿದ ಚೂರುಪಾರು ಮುನ್ನಡೆಯನ್ನು ಬಾಂಗ್ಲಾದೇಶ ಆಯಸ್ಸಿನಲ್ಲಿ ಅಳಿಸಿಹಾಕಿತು. ಸಮಬಲದ ಗುಟ್ಟು ಇದು.

ಈ ಸೂಚ್ಯಂಕದ ಹುಟ್ಟಿನಲ್ಲೇ ನಮ್ಮ ಉಪಖಂಡದ ನಂಟಿದೆ. ಇದನ್ನು 1990ರಲ್ಲಿ ಶುರುಮಾಡಿದವರು ಮಹಬೂಬ್ ಉಲ್ ಹಕ್; ಜಮ್ಮುವಿನಲ್ಲಿ ಹುಟ್ಟಿ ಪಾಕಿಸ್ತಾನಕ್ಕೆ ಹೋದ ಅರ್ಥಶಾಸ್ತ್ರಜ್ಞ. ಅವರಿಗೆ ಜೊತೆಯಾದವರು ಕೇಂಬ್ರಿಡ್ಜಿನ ಗೆಳೆಯ ಅಮರ್ತ್ಯ ಸೇನ್. ಸೇನ್ ಬಾಲ್ಯದ ಕೆಲವು ವರ್ಷಗಳನ್ನು ಕಳೆದದ್ದು ಢಾಕಾದಲ್ಲಿ. ಇಷ್ಟೊಂದು ಜಟಿಲವಾದ ಬದುಕನ್ನು ಒಂದು ಅಂಕಕ್ಕೆ ಇಳಿಸುವುದು ಸೇನ್ ಅವರಿಗೆ ಮೊದಲು ಸರಿಬರಲಿಲ್ಲ. ಹಕ್ ಬಿಡಲಿಲ್ಲ. ಒಟ್ಟು ರಾಷ್ಟ್ರೀಯ ಉತ್ಪನ್ನದಷ್ಟೇ ಒರಟಾದ, ಆದರೆ ಮನುಷ್ಯರ ಪಾಲಿಗೆ ಅದರಷ್ಟು ಕುರುಡಲ್ಲದ ಒಂದು ಅಂಕ ಬೇಕು, ಇಲ್ಲದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಅವರ ವಾದವಾಗಿತ್ತು. ಅಂಕ ಒರಟು ಎಂಬುದು ಅದನ್ನು ಕಟ್ಟಿದವರಿಗೇ ಗೊತ್ತಿತ್ತು. ಮರೆತವರು ನಾವು.

ಆ 2.7 ವರ್ಷಗಳ ಆಯಸ್ಸಿಗೆ ಬರೋಣ. ಬಡತನದ ಸುದ್ದಿಗೆ ಹೆಸರಾಗಿದ್ದ ದೇಶಕ್ಕೆ ಅದು ಎಲ್ಲಿಂದ ಬಂತು?

ವಿಸ್ತೀರ್ಣದಲ್ಲಿ ಬಾಂಗ್ಲಾದೇಶ ಕರ್ನಾಟಕಕ್ಕಿಂತ ಚಿಕ್ಕದು. ನಮ್ಮದು 1.92 ಲಕ್ಷ ಚದರ ಕಿಲೋಮೀಟರ್, ಅವರದು 1.48 ಲಕ್ಷದಷ್ಟು. ಅಷ್ಟರೊಳಗೆ ಸುಮಾರು 17 ಕೋಟಿ ಜನ. 1970ರ ನವೆಂಬರಿನ ಚಂಡಮಾರುತದಲ್ಲಿ ಲಕ್ಷಗಟ್ಟಲೆ ಜನ ಕೊಚ್ಚಿಹೋದರು, ಮರುವರ್ಷ ಯುದ್ಧ, 1974ರಲ್ಲಿ ಕ್ಷಾಮ. ದೇಶ ಹುಟ್ಟುವ ಮೊದಲೇ, 1971ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಸಭೆಯೊಂದರಲ್ಲಿ ಅಮೆರಿಕದ ಅಧಿಕಾರಿಗಳು ಅದನ್ನು ‘ಬ್ಯಾಸ್ಕೆಟ್ ಕೇಸ್’, ಅಂದರೆ ತನ್ನ ಕಾಲ ಮೇಲೆ ನಿಲ್ಲಲಾರದ ದೇಶ ಎಂದು ಮಾತಾಡಿಕೊಂಡಿದ್ದರು. ಆ ಹೊತ್ತಿನಲ್ಲಿ ಅಲ್ಲಿನವರ ನಿರೀಕ್ಷಿತ ಆಯಸ್ಸು 50ನ್ನೂ ಮುಟ್ಟುತ್ತಿರಲಿಲ್ಲ, ಭಾರತಕ್ಕಿಂತ ಕಡಿಮೆಯಿತ್ತು.

ಆಯಸ್ಸಿನ ಸರಾಸರಿಯನ್ನು ಕೆಳಗೆ ಎಳೆಯುವುದು ಮುಖ್ಯವಾಗಿ ಎಳೆಮಕ್ಕಳ ಸಾವು. ಎಳೆಮಕ್ಕಳನ್ನು ಆಗ ಕೊಲ್ಲುತ್ತಿದ್ದ ದೊಡ್ಡ ಕಾಯಿಲೆಗಳಲ್ಲಿ ಒಂದು ವಾಂತಿಭೇದಿ. ಇದಕ್ಕೆ ಮದ್ದು ಕಂಡುಕೊಂಡ ಕತೆ ಎರಡೂ ದೇಶಗಳ ಗಡಿಯ ಮೇಲೆಯೇ ನಡೆದದ್ದು. ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿದರೆ ಕಾಲರಾ ರೋಗಿಯೂ ಬದುಕುತ್ತಾನೆ ಎಂಬುದು 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದ ಅಧ್ಯಯನದಲ್ಲಿ ಗೊತ್ತಾಗಿತ್ತು. ಅದು ಆಸ್ಪತ್ರೆಯ ಮಾತು. 1971ರಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರ ತುಂಬಿ ತುಳುಕಿತು, ಕಾಲರಾ ಹರಡಿತು, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋಯಿತು. ಅಲ್ಲಿದ್ದ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿದರು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ಘೋಷಿಸಿದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಮದ್ದು ಗೊತ್ತಾದ ಮಾತ್ರಕ್ಕೆ ಅದು ಗುಡಿಸಲಿನ ಒಳಗೆ ಹೋಗುವುದಿಲ್ಲ. ಎರಡು ದೇಶಗಳ ದಾರಿ ಬೇರೆಯಾಗುವುದು ಇಲ್ಲಿ ಎಂಬುದು ನನ್ನ ಎಣಿಕೆ. ಬಾಂಗ್ಲಾದೇಶದಲ್ಲಿ ಫಜ್ಲೆ ಹಸನ್ ಅಬೇದ್ ಕಟ್ಟಿದ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿಗೆ ಹೆಣ್ಣುಮಕ್ಕಳ ತಂಡಗಳನ್ನು ಕಳಿಸಿತು. ಗ್ಲೂಕೋಸ್ ಎಲ್ಲಿಂದ ತರುವುದು? ಬೆಲ್ಲ ಎಲ್ಲರ ಮನೆಯಲ್ಲೂ ಇದೆ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಬಂಗಾಳಿಯಲ್ಲಿ ಅದಕ್ಕೆ ‘ಲೊಬನ್ ಗುಡ್’, ಉಪ್ಪು ಬೆಲ್ಲ ಎಂದೇ ಹೆಸರು. ತಂಡದವರು ಮನೆಯಂಗಳದಲ್ಲಿ ಕೂತು ತಾಯಿಯ ಕೈಯಲ್ಲೇ ಬೆರೆಸಿ ತೋರಿಸುತ್ತಿದ್ದರು. ಹೀಗೆ 1.2 ಕೋಟಿಗೂ ಹೆಚ್ಚು ಮನೆಗಳು.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದೆ ಎಂಬುದಕ್ಕೆ ಅಲ್ಲಿ ದುಡ್ಡು ಸಿಗುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಬೇರೊಬ್ಬರು ಅದೇ ಊರಿಗೆ ಹೋಗಿ, ಅಲ್ಲೊಂದು ಇಲ್ಲೊಂದು ಮನೆ ಆರಿಸಿ, ತಾಯಿಗೆ ಪಾಠ ನೆನಪಿದೆಯೇ, ಆಕೆ ಬೆರೆಸಿದ ನೀರಿನಲ್ಲಿ ಉಪ್ಪು ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದರು. ತಾಯಿ ಪಾಸಾದರೆ ಕಾರ್ಯಕರ್ತೆಗೆ ಹಣ. ಶುರುವಿನಲ್ಲಿ ಎಲ್ಲ ಕಲಿಸಿದರೂ ತಾಯಂದಿರು ಅದನ್ನು ಬಳಸುತ್ತಿರಲಿಲ್ಲ. ವಿಚಾರಿಸಿದರೆ, ಕಲಿಸುವವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ. ತಮಗೆ ಭೇದಿಯಾದರೆ ಅವರು ಮಾತ್ರೆಗೆ ಓಡುತ್ತಿದ್ದರು. ಅವರನ್ನು ಢಾಕಾಕ್ಕೆ ಕರೆದೊಯ್ದು ಆಸ್ಪತ್ರೆಯಲ್ಲಿ ಇದು ಹೇಗೆ ಜೀವ ಉಳಿಸುತ್ತದೆಂದು ತೋರಿಸಿದ ಮೇಲೆ ಮಾತಿಗೆ ತೂಕ ಬಂತು.

ಹೆರಿಗೆಯ ಸಂಖ್ಯೆ ಇಳಿದದ್ದೂ ಹೀಗೆ ಬಾಗಿಲಿಗೆ ಬಂದ ಹೆಣ್ಣುಮಕ್ಕಳಿಂದ. 1970ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಹೆಂಗಸೊಬ್ಬಳಿಗೆ ಸರಾಸರಿ ಏಳರ ಹತ್ತಿರ ಮಕ್ಕಳು. 2022ರ ಸಮೀಕ್ಷೆಯಲ್ಲಿ 2.3. ಹೊರಗೆ ಕಾಲಿಡಲು ಸಂಕೋಚಪಡುತ್ತಿದ್ದ ಗೃಹಿಣಿಯರ ಬಳಿಗೆ ಅದೇ ಸೀಮೆಯ ಓದಿದ ಹೆಂಗಸರು ಚೀಲದಲ್ಲಿ ಗರ್ಭನಿರೋಧಕ ಗುಳಿಗೆ ಇಟ್ಟುಕೊಂಡು ಹೋಗುತ್ತಿದ್ದರು. ಅದೇ ದಶಕದಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಭಾರತ ಗುರಿ ನಿಗದಿ ಮಾಡಿ ಗಂಡಸರನ್ನು ಹಿಡಿದುತಂದು ಸಂತಾನಶಕ್ತಿಹರಣ ಮಾಡಿಸಿತು. ಆ ಹೆದರಿಕೆ ನಮ್ಮಲ್ಲಿ ಕುಟುಂಬ ಯೋಜನೆಯ ಹೆಸರನ್ನೇ ವರ್ಷಗಟ್ಟಲೆ ಕೆಡಿಸಿತು. ಕೊನೆಗೆ ಭಾರತವೂ ಗುರಿ ಮುಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಸರಾಸರಿ 2.0, ಕರ್ನಾಟಕದ್ದು 1.7, ಬಿಹಾರದ್ದು ಮಾತ್ರ ಇನ್ನೂ 3.0.

ಇನ್ನು ಶೌಚಾಲಯ. ವಾಂತಿಭೇದಿಗೆ ಮದ್ದು ಕೊಟ್ಟರೂ ಮಲ ನೀರಿಗೆ ಸೇರುತ್ತಿದ್ದರೆ ಮಕ್ಕಳ ಕರುಳು ಮತ್ತೆ ಮತ್ತೆ ಕೆಡುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಬಾಂಗ್ಲಾದೇಶ 2015ರ ಹೊತ್ತಿಗೆ ಬಯಲು ಬಹಿರ್ದೆಸೆಯನ್ನು ಶೇ 1ಕ್ಕೆ ಇಳಿಸಿತ್ತು. ರಾಜಶಾಹಿ ಸೀಮೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ 2000ದ ಆಸುಪಾಸಿಗೆ ಶುರುವಾದ ಕ್ರಮ ಬಲು ಸರಳ. ಊರಿನವರನ್ನೇ ಕರೆದುಕೊಂಡು ಬಹಿರ್ದೆಸೆಯ ಜಾಗಕ್ಕೆ ಹೋಗುವುದು, ಅಲ್ಲಿಯ ಮಲ ನೊಣದ ಕಾಲಿಗೆ ಹತ್ತಿ ಅನ್ನದ ತಟ್ಟೆಗೆ ಹೇಗೆ ಬರುತ್ತದೆಂದು ಅವರ ಬಾಯಿಂದಲೇ ಹೇಳಿಸುವುದು, ಸಹಾಯಧನ ಕೊಡದೆ ಇರುವುದು. ಅಸಹ್ಯವಾದರೆ ಅವರೇ ಗುಂಡಿ ತೋಡುತ್ತಾರೆ. ಇದನ್ನು ರೂಪಿಸಿದ ಕಮಲ್ ಕರ್ ಕೋಲ್ಕತ್ತದವರು ಎಂಬುದು ಒಂದು ತಮಾಷೆ. ಗಡಿಯ ಈಚೆಗೆ ನಾವು ಸಿಮೆಂಟು, ಇಟ್ಟಿಗೆ, ಸಹಾಯಧನದ ದಾರಿ ಹಿಡಿದೆವು. ಕಟ್ಟಿದ ಶೌಚಾಲಯದಲ್ಲಿ ಸೌದೆ, ಬೆರಣಿ ಒಟ್ಟಿದ್ದನ್ನು ನಮ್ಮ ಹಳ್ಳಿಗಳಲ್ಲಿ ಯಾರು ನೋಡಿಲ್ಲ? ಗುಂಡಿ ತುಂಬಿದರೆ ಖಾಲಿ ಮಾಡುವವರು ಯಾರು ಎಂಬ ಪ್ರಶ್ನೆಗೆ ನಮ್ಮಲ್ಲಿ ಜಾತಿಯ ಉತ್ತರ ಮೊದಲೇ ಸಿದ್ಧವಿತ್ತು, ಆ ಕಾರಣಕ್ಕೇ ಸಣ್ಣ ಗುಂಡಿಯ ಶೌಚಾಲಯ ನಮಗೆ ಒಗ್ಗಲಿಲ್ಲ. 2014ರ ಸ್ವಚ್ಛ ಭಾರತ ಅಭಿಯಾನ ಚಿತ್ರವನ್ನು ಬಹಳಷ್ಟು ಬದಲಿಸಿತು, ಸುಳ್ಳಲ್ಲ. ಆದರೆ 2019ರ ಅಕ್ಟೋಬರ್ 2ರಂದು ದೇಶ ಬಯಲು ಬಹಿರ್ದೆಸೆಯಿಂದ ಮುಕ್ತವಾಯಿತೆಂದು ಸಾರಿದ ಮೇಲೂ, 2019-21ರ ಸಮೀಕ್ಷೆಯಲ್ಲಿ ಶೇ 19ರಷ್ಟು ಮನೆಗಳು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ.

ಮಕ್ಕಳ ಮೈಯಲ್ಲಿ ಇದರ ಗುರುತು ಕಾಣುತ್ತದೆ. ಅದೇ ಸಮೀಕ್ಷೆಯಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತಗೊಂಡ ಐದರೊಳಗಿನ ಮಕ್ಕಳು ಭಾರತದಲ್ಲಿ ಶೇ 35.5. ಬಾಂಗ್ಲಾದೇಶದ 2022ರ ಸಮೀಕ್ಷೆಯಲ್ಲಿ ಶೇ 24. ನೂರಕ್ಕೆ ಹನ್ನೊಂದು ಮಕ್ಕಳ ಅಂತರ.

ಇಷ್ಟು ಓದಿ ಬಾಂಗ್ಲಾದೇಶವೇ ಮೇಲು ಎಂದು ತೀರ್ಮಾನಿಸಲು ಹೊರಟವರು ಅಲ್ಲಿನ ಕೈಪಂಪಿನ ಕತೆಯನ್ನು ಕೇಳಬೇಕು. ಕೆರೆಕಟ್ಟೆಯ ನೀರು ಕುಡಿದೇ ಭೇದಿಯಾಗುತ್ತದೆಂದು 1970 ಮತ್ತು 80ರ ದಶಕಗಳಲ್ಲಿ ಯುನಿಸೆಫ್ ನೆರವಿನಿಂದ ಊರೂರಿಗೂ ಕೊಳವೆಬಾವಿ ಕೊರೆದರು. ಜನರಿಗೆ ಅದು ಹಿಡಿಸಿತು, ತಾವೇ ದುಡ್ಡು ಹಾಕಿ ಅಂಗಳದಲ್ಲಿ ಕೊರೆಸಿಕೊಂಡರು. ನೀರು ತಿಳಿಯಾಗಿತ್ತು, ತಣ್ಣಗಿತ್ತು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇದೆಯೆಂದು ಗೊತ್ತಾಯಿತು. ಗಂಗೆ, ಬ್ರಹ್ಮಪುತ್ರ ಹಿಮಾಲಯದಿಂದ ಹೊತ್ತು ತಂದು ಹರಡಿದ ಮಣ್ಣಿನಲ್ಲೇ ಅದು ಇತ್ತು. ರುಚಿಯಿಲ್ಲ, ವಾಸನೆಯಿಲ್ಲ. ಹತ್ತಾರು ವರ್ಷ ಕುಡಿದ ಮೇಲೆ ಅಂಗೈ, ಅಂಗಾಲು ಗಂಟು ಗಂಟಾಗಿ ಒರಟಾಗುತ್ತವೆ, ಎದೆಯ ಮೇಲೆ ಕಪ್ಪು ಮಚ್ಚೆ ಏಳುತ್ತದೆ, ಕೆಲವರಿಗೆ ಕೊನೆಗೆ ಕ್ಯಾನ್ಸರ್. ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಪರೀಕ್ಷಿಸಿದರು. ಸುರಕ್ಷಿತವಾದದ್ದಕ್ಕೆ ಹಸಿರು ಬಣ್ಣ, ವಿಷದ್ದಕ್ಕೆ ಕೆಂಪು. ಕಾಲುಭಾಗಕ್ಕೂ ಹೆಚ್ಚು ಪಂಪುಗಳು ಕೆಂಪಾದವು. ಹಸಿರು ಪಂಪು ದೂರದಲ್ಲಿದ್ದರೆ ಕೊಡ ಹೊರುವ ಹೆಂಗಸು ಏನು ಮಾಡಬೇಕು? ಕೋಲಾರ, ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರನ್ನು ಬಲ್ಲ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಸೂಚ್ಯಂಕದಲ್ಲಿ ಕುಡಿಯುವ ನೀರಿಗೆ ಕಾಲಂ ಇಲ್ಲ.

ಭಾರತದ ಅಂಕಪಟ್ಟಿಯಲ್ಲೂ ಹೆಮ್ಮೆಪಡಬೇಕಾದ ಸಾಲುಗಳಿವೆ, ಅವು ಹೆಚ್ಚಾಗಿ ಸರ್ಕಾರದ ಕೈ ಉದ್ದವಿರುವ ಕಡೆಯವು. ಹೆರಿಗೆಯನ್ನೇ ತೆಗೆದುಕೊಳ್ಳಿ. 2005ರ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಶಾ ಕಾರ್ಯಕರ್ತೆಯರಿಗೂ ಹೋಗುವ ತಾಯಿಗೂ ಹಣ ಸಿಕ್ಕಿತು. ಕರ್ನಾಟಕದಲ್ಲಿ ಬಾಣಂತಿಗೆ ಮಡಿಲು ಕಿಟ್ ಬಂತು. 2019-21ರ ಹೊತ್ತಿಗೆ ಭಾರತದ ಶೇ 88.6 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು, ಕರ್ನಾಟಕದಲ್ಲಿ ಶೇ 97. ಬಾಂಗ್ಲಾದೇಶದಲ್ಲಿ 2022ರಲ್ಲೂ ಶೇ 65. ಅಲ್ಲಿ ಆಸ್ಪತ್ರೆಗೆ ಹೋದರೆ ಅದು ಬಹುಪಾಲು ಖಾಸಗಿ ನರ್ಸಿಂಗ್ ಹೋಮು, ಸಿಸೇರಿಯನ್ನಿನ ಪ್ರಮಾಣವೇ ಶೇ 45. ಚಿಕಿತ್ಸೆಗೆ ತಗಲುವ ಪ್ರತಿ ನೂರು ಟಾಕಾದಲ್ಲಿ ಸುಮಾರು 70 ರೋಗಿಯ ಜೇಬಿನಿಂದಲೇ ಹೋಗುತ್ತದೆ. ನಮ್ಮಲ್ಲೂ ಇದು ಕಡಿಮೆಯೇನಲ್ಲ, ಆದರೆ ಅಷ್ಟಿಲ್ಲ. ಹೆರಿಗೆಯಲ್ಲಿ ಸಾಯುವ ತಾಯಂದಿರ ಪ್ರಮಾಣ ಇಂದು ಭಾರತದಲ್ಲಿಯೇ ಕಡಿಮೆ. ಪಡಿತರ ಅಕ್ಕಿ, ಶಾಲೆಯ ಬಿಸಿಯೂಟ ಇವು ನಮ್ಮಲ್ಲಿ ಬೇರೂರಿದಷ್ಟು ಅಲ್ಲಿ ಬೇರೂರಿಲ್ಲ.

ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವ ಸಾಲು ಮದುವೆಯದು. ಹೆಣ್ಣುಮಕ್ಕಳನ್ನು ಹೈಸ್ಕೂಲಿನಲ್ಲಿ ಉಳಿಸಿಕೊಳ್ಳಲು ಬಾಂಗ್ಲಾದೇಶ 1994ರಿಂದ ಹಳ್ಳಿಯ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಷರತ್ತು ಮೂರು: ಶೇ 75 ಹಾಜರಿ, ಪರೀಕ್ಷೆಯಲ್ಲಿ ಕನಿಷ್ಠ ಅಂಕ, ಮತ್ತು ಮದುವೆಯಾಗದೆ ಇರುವುದು. ಹುಡುಗಿಯರು ಶಾಲೆ ತುಂಬಿದರು, ಹುಡುಗರನ್ನೂ ಮೀರಿಸಿದರು. ಹಾಗಿದ್ದೂ 2019ರ ಸಮೀಕ್ಷೆಯಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ 51 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಭಾರತದಲ್ಲಿ ಆ ಪ್ರಮಾಣ ಶೇ 23. ಓದಿಸಿದರೆ ಎಳೆಯ ವಯಸ್ಸಿನ ಮದುವೆ ತಾನಾಗಿ ನಿಲ್ಲುತ್ತದೆ ಎಂದು ವೇದಿಕೆಯ ಮೇಲೆ ಹೇಳುವವರು ಈ ಒಂದು ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇತ್ತ ಭಾರತದವರು ಬೀಗುವ ಮೊದಲು ಇನ್ನೊಂದು ಸಾಲು: ಅಲ್ಲಿ ಹುಟ್ಟುವ ಗಂಡು ಹೆಣ್ಣುಗಳ ಅನುಪಾತ ಪ್ರಕೃತಿ ಕೊಟ್ಟಂತೆಯೇ ಇದೆ. ನಮ್ಮಲ್ಲಿ 2019-21ರ ಸಮೀಕ್ಷೆಗೆ ಹಿಂದಿನ ಐದು ವರ್ಷಗಳಲ್ಲಿ ಸಾವಿರ ಗಂಡುಮಕ್ಕಳಿಗೆ ಹುಟ್ಟಿದ ಹೆಣ್ಣುಮಕ್ಕಳು 929.

ಹೆಂಗಸರ ದುಡಿಮೆಯ ಮಾತು ಬಂದರೆ ಬೆಂಗಳೂರೂ ಈ ಕತೆಯೊಳಗೆ ಬರುತ್ತದೆ. 1979ರಲ್ಲಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ 130 ಜನರನ್ನು ದಕ್ಷಿಣ ಕೊರಿಯಾಕ್ಕೆ ಕಳಿಸಿ ಹೊಲಿಗೆ ಕಲಿಸಿತು. ಅಲ್ಲಿಂದ ಬೆಳೆದ ಉದ್ಯಮದಲ್ಲಿ ಇಂದು ಸುಮಾರು 40 ಲಕ್ಷ ಜನ, ಅದರಲ್ಲಿ ಹೆಚ್ಚಿನವರು ಹೆಂಗಸರು. ದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಅದರದ್ದೇ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಯುವುದೂ ಇಂಥದೇ ಅಂಗಿಗಳನ್ನು, ಇಂಥದೇ ಪರದೇಶದ ಅಂಗಡಿಗಳಿಗೆ. ಬೆಳಿಗ್ಗೆ ಆರಕ್ಕೆ ಡಬ್ಬಿ ಕಟ್ಟಿಕೊಂಡು ಹೊರಡುವುದು, ಗಂಟೆಗೆ ಇಷ್ಟು ಪೀಸು ಎಂಬ ಲೆಕ್ಕ, ಶೌಚಾಲಯಕ್ಕೆ ಹೋದರೆ ಸೂಪರ್‌ವೈಸರನ ಕೂಗು: ಊರು ಬದಲಾದರೂ ಇವು ಬದಲಾಗುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹೊರವಲಯದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತು, ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕರೆದರು. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿಮಾಡಿದ್ದಕ್ಕೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಳ್ಳುವಂತೆ ಮಾಡಿದರು.

ದುಡಿಯುವ ಹೆಂಗಸರ ಪ್ರಮಾಣ ಬಾಂಗ್ಲಾದೇಶದ 2022ರ ಸಮೀಕ್ಷೆಯಲ್ಲೂ ಭಾರತದ 2023-24ರ ಸಮೀಕ್ಷೆಯಲ್ಲೂ ಶೇ 42ರ ಆಸುಪಾಸು. ಭಾರತದಲ್ಲಿ ಅದು 2017-18ರಲ್ಲಿ ಶೇ 23 ಇದ್ದದ್ದು ಇಷ್ಟು ಬೇಗ ಏರಿದೆ. ಏರಿದವರಲ್ಲಿ ಬಹಳಷ್ಟು ಮಂದಿ ತಮ್ಮದೇ ಹೊಲದಲ್ಲಿ, ತಮ್ಮದೇ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಕೈಗೆ ಸಂಬಳ ಬರುವ ಹೆಂಗಸೂ, ಎಮ್ಮೆಗೆ ಹುಲ್ಲು ತರುವ ಹೆಂಗಸೂ ಈ ಶೇಕಡಾವಾರಿನೊಳಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಆದಾಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಆ ವರ್ಷ ಬಾಂಗ್ಲಾದೇಶದ ತಲಾ ಉತ್ಪನ್ನ 1,888 ಡಾಲರ್, ಭಾರತದ್ದು 1,877 ಆಗಬಹುದೆಂದು ಅಂದಾಜಿಸಿದಾಗ ಇಲ್ಲಿ ದೊಡ್ಡ ಗದ್ದಲವಾಯಿತು. ಲಾಕ್‌ಡೌನಿನ ವರ್ಷದ ಕುಸಿತ, ಅದರ ಮೇಲೆ ಮಾರುಕಟ್ಟೆಯ ವಿನಿಮಯ ದರ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಭಾರತ ಆಗಲೂ ಮುಂದಿತ್ತು. 11 ಡಾಲರಿನ ಜಗಳಕ್ಕೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲು ಕುಂಠಿತ ಮಕ್ಕಳ ಲೆಕ್ಕಕ್ಕೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಓದಿನ ಸಾಲಿನಲ್ಲಿ ಒಂದು ಮೋಸವಿದೆ. ಸೂಚ್ಯಂಕ ಎಣಿಸುವುದು ಶಾಲೆಯಲ್ಲಿ ಕಳೆದ ವರ್ಷಗಳನ್ನು, ಕಲಿತದ್ದನ್ನಲ್ಲ. ಭಾರತದ ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ 2024ರ ಅಸರ್ ಸಮೀಕ್ಷೆಯಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಅರ್ಧದಷ್ಟೂ ಇರಲಿಲ್ಲ. ಆ ಐದು ವರ್ಷಗಳೂ 0.59ರೊಳಗೆ ಪೂರ್ತಿ ಲೆಕ್ಕಕ್ಕೆ ಸೇರಿವೆ.

ಇದಕ್ಕಿಂತ ದೊಡ್ಡ ತೊಡಕು ಸರಾಸರಿಯದು. ಬಾಂಗ್ಲಾದೇಶದ ಜನಸಂಖ್ಯೆ ನಮ್ಮ ಉತ್ತರ ಪ್ರದೇಶವೊಂದಕ್ಕಿಂತ ಕಡಿಮೆ, ಮಾತಾಡುವ ಭಾಷೆ ಬಹುಮಟ್ಟಿಗೆ ಒಂದೇ. ‘ಭಾರತದ ಸರಾಸರಿ’ ಎಂಬ ಊರು ಮಾತ್ರ ಎಲ್ಲೂ ಇಲ್ಲ. 2020ರ ಮಾದರಿ ನೋಂದಣಿ ಲೆಕ್ಕದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಂಡವರು ಕೇರಳದಲ್ಲಿ 6, ಕರ್ನಾಟಕದಲ್ಲಿ 19, ಮಧ್ಯಪ್ರದೇಶದಲ್ಲಿ 43. ಇವನ್ನು ಕಲಸಿ 28 ಎಂದು ಬರೆದರೆ ಆ 28ರಲ್ಲಿ ಕೇರಳದ ತಾಯಿಯೂ ಇಲ್ಲ, ಮಧ್ಯಪ್ರದೇಶದ ತಾಯಿಯೂ ಇಲ್ಲ. ವಿಶ್ವಸಂಸ್ಥೆ ಇದಕ್ಕೆಂದೇ ಅಸಮಾನತೆಯನ್ನು ಕಳೆದು ಇನ್ನೊಂದು ಅಂಕ ಕೊಡುತ್ತದೆ. 2025ರ ವರದಿಯಲ್ಲಿ ಹಾಗೆ ಕಳೆದಾಗ ಭಾರತದ ಅಂಕ ಶೇ 30.7ರಷ್ಟು ಕುಸಿಯಿತು. ಆ ಅಂಕ ಸುದ್ದಿಯ ಶೀರ್ಷಿಕೆಗೆ ಬರುವುದಿಲ್ಲ.

ಸೂಚ್ಯಂಕಕ್ಕೆ ಕಾಣದ ಇನ್ನೊಂದು ಸಂಗತಿ 2024ರ ಮಳೆಗಾಲದಲ್ಲಿ ಢಾಕಾದ ಬೀದಿಗಿಳಿಯಿತು. ಆಯಸ್ಸು ಏರುತ್ತಿತ್ತು, ಓದು ಏರುತ್ತಿತ್ತು, ಆದಾಯ ಏರುತ್ತಿತ್ತು. ಓದಿ ಮುಗಿಸಿದ ಹುಡುಗ ಹುಡುಗಿಯರಿಗೆ ಕೆಲಸವಿರಲಿಲ್ಲ, ಮತ ಹಾಕಿದ್ದಕ್ಕೆ ಅರ್ಥವಿರಲಿಲ್ಲ. ಸರ್ಕಾರಿ ನೌಕರಿಯ ಮೀಸಲು ಕೋಟಾದ ವಿರುದ್ಧ ಶುರುವಾದ ಚಳವಳಿ ನೂರಾರು ಜೀವ ಬಲಿ ತೆಗೆದುಕೊಂಡು, ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟು ಭಾರತಕ್ಕೆ ಬರುವಲ್ಲಿಗೆ ಮುಟ್ಟಿತು.

ಆಮೇಲೆ ಬಂದ ಮಧ್ಯಂತರ ಸರ್ಕಾರ ಅರ್ಥಶಾಸ್ತ್ರಜ್ಞ ದೇಬಪ್ರಿಯ ಭಟ್ಟಾಚಾರ್ಯ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ಆರ್ಥಿಕ ಸ್ಥಿತಿಯ ಶ್ವೇತಪತ್ರ ಬರೆಸಿತು. ಹಿಂದಿನ ವರ್ಷಗಳ ಬೆಳವಣಿಗೆಯ ಅಂಕಿಗಳನ್ನು ಉಬ್ಬಿಸಲಾಗಿತ್ತು ಎಂಬುದು 2024ರ ಡಿಸೆಂಬರಿನಲ್ಲಿ ಸಲ್ಲಿಸಿದ ಆ ಪತ್ರದ ದೂರುಗಳಲ್ಲಿ ಒಂದು. ಹಾಗಾದರೆ ಆ 8,498 ಡಾಲರಿನಲ್ಲಿ ಗಾಳಿ ಎಷ್ಟು? ನಮ್ಮ ಕಡೆಯ ಲೆಕ್ಕಕ್ಕೂ ಒಂದು ಕೊರತೆಯಿದೆ. ತಲಾ ಎಂದು ಭಾಗಿಸಲು ತಲೆ ಎಣಿಸಿರಬೇಕು. ಭಾರತ ಕೊನೆಯ ಸಲ ಮನೆಮನೆಗೆ ಹೋಗಿ ತಲೆ ಎಣಿಸಿದ್ದು 2011ರಲ್ಲಿ. ಮುಂದಿನ ಜನಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. 9,047ರ ಕೆಳಗಿರುವ ಭಾಜಕ ಸದ್ಯಕ್ಕೆ ಅಂದಾಜಿನದು.